ಒಂದು ಹತ್ತರ ಸದ್ದು

"ನಗಬೇಕು ಅನ್ಸಿದ್ರೆ ಈಗಲೇ ನಕ್ಕುಬಿಡಿ. ಆಮೇಲೆ ಹೇಳ್ತೀನಿ."

ಎಂದು ಅವಳು ಕೌಂಟರಿನ ಮೇಲೆ ಫೋನ್ ಇಟ್ಟಳು. ಅವತ್ತು ಸಂಜೆ ಅವಳು ಹತ್ತಿದ ಮೂರನೇ ರಿಪೇರಿ ಅಂಗಡಿ ಅದು. ಮೊದಲನೆಯವನು 'ದೆವ್ವ ಗಿವ್ವ ಇರ್ಬೇಕು ಮೇಡಂ' ಎಂದು ಹಲ್ಲು ಕಿರಿದಿದ್ದ. ಎರಡನೆಯವನು ಹೊಸ ಫೋನ್ ತೋರಿಸಿದ್ದ.

ಈ ಮೂರನೆಯವನ ತುಟಿಗಳ ನಡುವೆ ಪುಟಾಣಿ ಸ್ಕ್ರೂ ಇತ್ತು. ಬಿಚ್ಚಿದ್ದು ಕಳೆಯಬಾರದೆಂದು ಬಾಯಲ್ಲಿಟ್ಟುಕೊಳ್ಳುವ ಚಾಳಿ. ಹಾಗಾಗಿ ಬೀದಿಯವರೆಲ್ಲ ಅವನನ್ನು ಸ್ಕ್ರೂ ಎಂದೇ ಕರೆಯುತ್ತಿದ್ದರು. ಅವನು ಅದನ್ನು ತೆಗೆದು ಬಟ್ಟಲಿಗೆ ಹಾಕಿದ.

"ಹೇಳಿ," ಎಂದ. ನಗಲಿಲ್ಲ.

"ಇದು ನಮ್ಮಪ್ಪಂದು. ಅವರು ತೀರಿಕೊಂಡು ನಾಲ್ಕು ತಿಂಗಳಾಯ್ತು. ದಿನಾ ಮಧ್ಯಾಹ್ನ ಒಂದು ಹತ್ತಕ್ಕೆ ಎರಡು ಸಲ ಟಿಣ್ ಟಿಣ್ ಅನ್ನುತ್ತೆ. ತೆಗೆದು ನೋಡಿದ್ರೆ ಮೆಸೇಜೂ ಇಲ್ಲ, ಅಲಾರಮ್ಮೂ ಇಲ್ಲ. ಸಿಮ್ ಕಿತ್ತಿಟ್ಟೆ. ಆದ್ರೂ ಬರುತ್ತೆ."

"ನಿಲ್ಲಿಸ್ಬೇಕಾ?"

"ಅಯ್ಯೋ, ಬೇಡ." ಅವಳು ಫೋನನ್ನು ತನ್ನತ್ತ ಎಳೆದುಕೊಂಡಳು. "ನಿಲ್ಲಲೇಬಾರದು. ಅಪ್ಪ ಕರೀತಿದ್ದಾರೆ ಅಂದ್ಕೊಂಡಿದ್ದಾರೆ ನಮ್ಮಮ್ಮ. ಆ ಸದ್ದಿಗೆ 'ಬಂದೆ ಇರಿ' ಅಂದು ಆಮೇಲೇ ತುತ್ತು ಬಾಯಿಗಿಡೋದು. ಒಂದಿನ ಚಾರ್ಜ್ ಹೋಗಿತ್ತು... ಅವತ್ತು ಏನೂ ತಿನ್ನಲಿಲ್ಲ. ಎಲ್ಲಿಂದ ಬರುತ್ತೆ ಅಂತ ಗೊತ್ತಾದ್ರೆ, ನಿಲ್ಲದ ಹಾಗೆ ನೋಡ್ಕೋಬಹುದು."

"ನಾಳೆ ಮನೆಗೇ ಬರ್ತೀನಿ," ಎಂದ ಸ್ಕ್ರೂ. "ಸದ್ದು ಬಂದಾಗ ನನ್ನ ಕಿವಿಗೆ ಬೀಳ್ಬೇಕು."

ಅವಳಿಗೆ ಇಪ್ಪತ್ತೆಂಟು ವರ್ಷ. ಆದರೂ ಅಮ್ಮನ ಬಾಯಲ್ಲಿ ಪುಟ್ಟಿಯೇ. ಹೊಲಿಗೆಯವಳು. ಮುಂದಿನ ಕೋಣೆಯಲ್ಲಿ ಮಿಷನ್ ಹಾಕಿಕೊಂಡು ಶಾಲೆ ಮಕ್ಕಳ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ಮರುದಿನ ಕಾಲರ್‌ಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಅವನಿಗೆ ಕುರ್ಚಿ ಹಾಕಿದಳು.

ಅಮ್ಮ ತಟ್ಟೆಯ ಮುಂದೆ ಕೈ ಕಟ್ಟಿ ಕೂತಿದ್ದರು. ಗಂಡ ಸತ್ತ ದಿನ ಅತ್ತವರಲ್ಲ, ಆಮೇಲೂ ಅತ್ತವರಲ್ಲ. ಕಲ್ಲಾಗಿಬಿಟ್ಟಿದ್ದರು.

ಒಂದು ಹತ್ತು. ಟಿಣ್... ಟಿಣ್.

"ಬಂದೆ ಇರಿ," ಎಂದು ಅಮ್ಮ ತುತ್ತು ಕಲೆಸಿದರು.

ಸ್ಕ್ರೂನ ಮುಖ ಬಿಳಿಚಿಕೊಂಡಿತು.

"ಏನಾದ್ರೂ ಗೊತ್ತಾಯ್ತಾ?" ಎಂದು ಪುಟ್ಟಿ ಕೇಳಿದಳು.

"ಇಲ್ಲ..." ಅವನು ಕಣ್ಣು ತಪ್ಪಿಸಿದ. "ನಾಳೆ ಮತ್ತೆ ನೋಡ್ತೀನಿ."

ನಾಳೆ ಬಂದ. ನಾಡಿದ್ದೂ ಬಂದ. ಹೀಗೆ ಹನ್ನೊಂದು ದಿನ! ಸುಮ್ಮನೆ ಫೋನ್ ತಿರುವುತ್ತ ಕೂರುತ್ತಿದ್ದ, ಅಮ್ಮನ ಊಟ ಮುಗಿದ ಮೇಲೆ ಏಳುತ್ತಿದ್ದ. ಒಂದು ದಿನ ಅವಳ ಮಿಷನ್ನಿನ ಕಿರುಗುಟ್ಟುವ ಪೆಡಲಿಗೆ ಎಣ್ಣೆ ಬಿಟ್ಟ. ಇನ್ನೊಂದು ದಿನ ಅಮ್ಮ ತಾವಾಗಿ ಅವನ ತಟ್ಟೆಗೂ ಅನ್ನ ಬಡಿಸಿದರು.

ಹನ್ನೆರಡೂವರೆಯಾದರೆ ಸಾಕು, ಪುಟ್ಟಿಯ ಕಣ್ಣು ಬಾಗಿಲ ಕಡೆ. 'ಛೆ, ಸಾವಾದ ಮನೇಲಿ ನಿನಗಿದೆಲ್ಲ ಬೇಕಿತ್ತಾ?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಬೈದರೆ ಕೇಳುವ ಮನಸ್ಸೇ ಅದು?

ಹನ್ನೆರಡನೇ ದಿನ ಬೆಳಿಗ್ಗೆ ಅಪ್ಪನ ಹಳೇ ಅಂಗಿಯ ಹೊಲಿಗೆ ಬಿಚ್ಚಲು ಕೂತಳು. ಜೇಬಿನಲ್ಲಿ ಮಡಚಿದ ಚೀಟಿ ಸಿಕ್ಕಿತು. ಸ್ಪೀಕರ್ ಬದಲಾವಣೆ. ಎರಡು ದಿನ ಬಿಟ್ಟು ಚೆಕ್‌ಗೆ ತರುವುದು. ಮೇಲೆ ಸ್ಕ್ರೂನ ಅಂಗಡಿಯದೇ ಮೊಹರು. ಆ ಎರಡನೇ ದಿನವೇ ಅಪ್ಪನ ಎದೆಬಡಿತ ನಿಂತಿದ್ದು.

ಅವನು ಬರುವಷ್ಟರಲ್ಲಿ ಅವಳು ಬಾಗಿಲಲ್ಲೇ ನಿಂತಿದ್ದಳು.

"ಇದು ನಿಮ್ಮ ಕೈಬರಹ ತಾನೆ?"

ಅವನು ಚೀಟಿ ನೋಡಿ ತಲೆ ತಗ್ಗಿಸಿದ. "ಹೌದು. ಸ್ಪೀಕರ್ ಹಾಕಿದ ಫೋನಿಗೆಲ್ಲ ಒಂದು ಟೆಸ್ಟ್ ಆ್ಯಪ್ ಹಾಕಿ ಕಳಿಸ್ತೀನಿ. ಊಟದ ಹೊತ್ತಿಗೆ ಫೋನ್ ಪಕ್ಕದಲ್ಲಿರುತ್ತೆ ಅಂತ ಒಂದು ಹತ್ತಕ್ಕೆ ಇಟ್ಟಿರ್ತೀನಿ. ಸದ್ದು ಬಿಟ್ರೆ ಏನೂ ತೋರ್ಸಲ್ಲ. ಚೆಕ್‌ಗೆ ತಂದಾಗ ತೆಗೀತೀನಿ. ಅವರು ವಾಪಸ್ ಬರ್ಲೇ ಇಲ್ಲ..."

"ಅಂದ್ರೆ ನಿಮಗೆ ಮೊದಲನೇ ದಿನವೇ ಗೊತ್ತಾಗಿತ್ತು."

"ಗೊತ್ತಾಗಿತ್ತು. ಅಂಗಡೀಲಿ ಬರೀ ಅನುಮಾನ ಇತ್ತು, ಸದ್ದು ಕೇಳಿದ್ಮೇಲೆ ಖಾತ್ರಿಯಾಯ್ತು. ಆದ್ರೆ ಅಮ್ಮ ಉಣ್ಣೋದು ನೋಡಿದೆ. ಬಾಯಿ ಬರ್ಲಿಲ್ಲ."

"ಹನ್ನೊಂದು ದಿನ ನಮ್ಮನೇಲಿ ಕೂತು ನಾಟಕ ಆಡಿದ್ರಿ. ಗಂಡನ್ನ ಕಳ್ಕೊಂಡ ಹೆಂಗಸನ್ನ ಆಟದ ಸಾಮಾನು ಮಾಡ್ಕೊಂಡ್ರಿ. ನನ್ನನ್ನೂ..." ಅವಳು ಫೋನನ್ನು ಅವನ ಕೈಗೆ ತುರುಕಿದಳು. "ತೆಗೀರಿ ಅದನ್ನ."

"ತೆಗೆದ್ರೆ ಅಮ್ಮ..."

"ತೆಗೀರಿ ಅಂದೆ."

ಅವನು ತೆಗೆದ. ಹಿಂದಿರುಗಿ ನೋಡದೆ ಹೊರಟುಹೋದ.

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ? ಅವತ್ತು ಒಂದು ಹತ್ತಾಯಿತು, ಎರಡಾಯಿತು, ನಾಲ್ಕಾಯಿತು. ಅಮ್ಮ ಆರಿದ ತಟ್ಟೆಯ ಮುಂದಿನಿಂದ ಕದಲಲಿಲ್ಲ. ನಿಜ ಹೇಳಲು ಧೈರ್ಯವಾಗದೆ ಪುಟ್ಟಿ ಮೂರು ಸಲ ಅನ್ನ ಬಿಸಿ ಮಾಡಿ ತಂದಿಟ್ಟಳು. ಮರುದಿನವೂ ಅದೇ. ಅಮ್ಮ ನೀರು ಮಾತ್ರ ಕುಡಿದರು. ಮೂರನೇ ದಿನ ಬೆಳಿಗ್ಗೆ ಏಳಲು ಹೋಗಿ ಗೋಡೆ ಹಿಡಿದು ಕುಸಿದುಬಿಟ್ಟರು.

ಪುಟ್ಟಿ ಅಮ್ಮನನ್ನು ಮಲಗಿಸಿ, ಪಕ್ಕದ ಮನೆಯಾಕೆಯನ್ನು ಕೂರಿಸಿ ಬರಿಗಾಲಲ್ಲೇ ಅಂಗಡಿಗೆ ಓಡಿದಳು.

"ವಾಪಸ್ ಹಾಕಿಕೊಡಿ," ಎಂದು ಫೋನ್ ಚಾಚಿದಳು. "ನಿಮ್ಮ ಕಾಲಿಗೆ ಬೀಳ್ತೀನಿ."

"ಹಾಗನ್ಬೇಡಿ." ಅವನಿಗೆ ಮೂರು ದಿನದ ಗಡ್ಡ ಬೆಳೆದಿತ್ತು. "ಎರಡು ನಿಮಿಷದ ಕೆಲಸ. ಆದ್ರೆ ಮತ್ತೆ ಸುಳ್ಳಿನ ತುತ್ತು ತಿನ್ಸೋಕೆ ನನ್ನಿಂದಾಗಲ್ಲ. ನಾನೇ ಅವರ ಹತ್ರ ಹೇಳ್ತೀನಿ. ಬೈಲಿ, ಹೊಡೀಲಿ."

ಅವನು ಅಮ್ಮನ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತ.

"ಅಮ್ಮಾ, ಆ ಸದ್ದು ನಂದು. ನಾನು ಹಾಕಿ ಮರೆತಿದ್ದು. ಅವರದ್ದಲ್ಲ."

ಅಮ್ಮ ಅವನ ಕಡೆ ಹೊರಳಿದರು.

"ಅವರು ನಿನ್ನ ಅಂಗಡಿಗೆ ಬಂದಿದ್ರಾ?"

"ಬಂದಿದ್ರು."

"ಏನಂದ್ರು?"

ಸ್ಕ್ರೂ ಪುಟ್ಟಿಯ ಮುಖ ನೋಡಿದ. ಅವಳು ಹೇಳಿ ಎಂಬಂತೆ ತಲೆಯಾಡಿಸಿದಳು.

"ಮೂವತ್ತು ವರ್ಷ ಬಸ್ಸಲ್ಲಿ ಕಂಡಕ್ಟರ್ ಆಗಿ ನನ್ನ ಕಿವಿ ಹೋಯ್ತು ಕಣಯ್ಯಾ, ನನಗೆ ಕೇಳದಿದ್ರೂ ಚಿಂತೆಯಿಲ್ಲ ಅಂದ್ರು. ಫೋನ್ ಎಲ್ಲೋ ಇಟ್ಟು ಮರೀತೀನಿ, ಹುಡುಕಿಕೊಡೋಳು ನನ್ನ ಹೆಂಡ್ತಿ. ಅಡುಗೆಮನೇಲಿರೋ ಅವಳ ಕಿವಿಗೆ ಬೀಳೋ ಹಾಗೆ ಮಾಡು ಅಂದ್ರು. ಅದಕ್ಕೇ ಅಷ್ಟು ಜೋರಾಗಿಟ್ಟಿದ್ದೆ."

ಅಮ್ಮನ ಗಲ್ಲ ಅದುರಿತು. "ಕನ್ನಡಕನೂ ನಾನೇ ಹುಡುಕಿಕೊಡ್ಬೇಕಿತ್ತು..." ಎಂದವರೇ ಸೆರಗು ಬಾಯಿಗೊತ್ತಿಕೊಂಡು ಅತ್ತರು. ನಾಲ್ಕು ತಿಂಗಳ ಅಳು. ಪುಟ್ಟಿ ತಬ್ಬಿ ಹಿಡಿದು ತಾನೂ ಅತ್ತಳು.

ಎಷ್ಟೋ ಹೊತ್ತಿನ ಮೇಲೆ ಅಮ್ಮ ಮೂಗು ಒರೆಸಿಕೊಂಡರು. "ಪುಟ್ಟಿ, ಗಂಜಿ ಕಾಸು. ಇವನೂ ಸೊರಗಿದ್ದಾನೆ, ಇವನಿಗೂ ಹಾಕು."

ಮೂವರೂ ಉಂಡರು. ಯಾವ ಸದ್ದೂ ಇರಲಿಲ್ಲ. ಅಮ್ಮನ ಕೈ ಎರಡು ಸಲ ಫೋನಿನ ಕಡೆ ಹೋಗಿ ಹಿಂದೆ ಬಂತು.

ಹೊರಡುವಾಗ ಪುಟ್ಟಿ ಬಾಗಿಲವರೆಗೆ ಬಂದಳು.

"ಹನ್ನೊಂದು ದಿನ ಬಂದಿದ್ದು ಬರೀ ಅಮ್ಮನಿಗೋಸ್ಕರನಾ?"

"ಮೊದಲ ಮೂರು ದಿನ ತಪ್ಪು ಮಾಡಿದೆ ಅಂತ ಬಂದೆ." ಅವನು ಚಪ್ಪಲಿ ನೋಡುತ್ತ ನಿಂತ. "ಉಳಿದ ಎಂಟು ದಿನ... ನಿಮ್ಮನ್ನ ನೋಡ್ದೆ ಇರೋಕಾಗ್ದೆ ಬಂದೆ. ನಾಳೆ ಒಂದು ಹತ್ತಕ್ಕೆ ಬರ್ಲಾ?"

"ಯಾವ ಫೋನ್ ಕೆಟ್ಟಿದೆ ಅಂತ?"

"ಯಾವುದೂ ಇಲ್ಲ. ಸುಮ್ನೆ ಬಾಗಿಲು ತಟ್ತೀನಿ."

ಅವಳ ಕಣ್ಣು ಮತ್ತೆ ತುಂಬಿತು.

"ಜೋರಾಗಿ ತಟ್ಟಿ," ಎಂದಳು. "ಮಿಷನ್ ಸದ್ದಲ್ಲೂ ನನಗೆ ಕೇಳ್ಬೇಕು."