ಮೂರನೇ ಮಹಡಿಯ ಜೀಬ್ರಾ ಮೀನುಗಳು

ದಾಲಿಬೋರ್ ಮೊದಲ ಸಲ ನನ್ನನ್ನು ನೋಡಲೇ ಇಲ್ಲ. ನನ್ನ ಮೀನುಗಳನ್ನು ನೋಡಿದ. ನೋಡಿ, ನನ್ನನ್ನು ಕಳ್ಳಿ ಮಾಡಿದ.

ಚೆಕ್ ದೇಶದ ಓಸ್ತ್ರಾವಾ ಊರಿನ ನಮ್ಮ ಬಡಾವಣೆಯ ಸಭಾಭವನದಲ್ಲಿ ಅವತ್ತು ಅಕ್ವೇರಿಯಂ ಸಂಘದ ಭಾನುವಾರದ ಸಂತೆ. ಉದ್ದನೆಯ ಮೇಜುಗಳ ಮೇಲೆ ಗಾಜಿನ ತೊಟ್ಟಿಗಳು, ಅವುಗಳ ಹಿಂದೆ ದಪ್ಪ ಸ್ವೆಟರಿನ ಗಂಡಸರು. ಆ ಸಾಲಿನಲ್ಲಿ ಹೆಂಗಸು ನಾನೊಬ್ಬಳೇ. ನನ್ನ ತೊಟ್ಟಿಯಲ್ಲಿ ಜೀಬ್ರಾ ಪ್ಲೆಕೊ ಎಂಬ ಜಾತಿಯ ಎಂಟು ಮೀನುಗಳಿದ್ದವು. ಕಿರುಬೆರಳಿನಷ್ಟು ಉದ್ದ, ಬಿಳಿ ಮೈಗೆ ಕಪ್ಪು ಪಟ್ಟೆ. ಬಾಯನ್ನು ಗಾಜಿಗೆ ಒತ್ತಿ ಅಂಟಿಕೊಂಡು, ಯಾರ ಗೊಡವೆಯೂ ಬೇಡವೆಂಬಂತೆ ಕೂತಿದ್ದವು.

ಸಂಘದ ಅಧ್ಯಕ್ಷ ಶೆಬೆಸ್ತಾ ಈ ಮೀನಿನಿಂದ ಮರಿ ಪಡೆಯಲು ಆರು ವರ್ಷ ಹೆಣಗಿ ಸೋತವರು. ನಾನು ಸಂಘಕ್ಕೆ ಸೇರಿ ವರ್ಷವಾಗಿತ್ತು, ಅಷ್ಟೇ.

"ಇವು ನಿಮ್ಮನೇಲೇ ಹುಟ್ಟಿದ್ದಾ, ಅಮ್ಮಣ್ಣಿ?" ಎಂದು ಕೇಳಿದರು.

"ಹೌದು. ಗಂಡು ಹೆಣ್ಣು ಅವೇ ನೋಡ್ಕೊಂಡವು. ನಾನು ನೀರು ಬದಲಾಯಿಸ್ದೆ ಅಷ್ಟೆ."

ಅಕ್ಕಪಕ್ಕದ ಮೇಜಿನವರು ನಕ್ಕರು. ಶೆಬೆಸ್ತಾ ನಗಲಿಲ್ಲ. "ದಾಲಿಬೋರ್, ಸ್ವಲ್ಪ ಬನ್ನಿ ಇಲ್ಲಿ" ಎಂದು ಕೂಗಿದರು.

ದಾಲಿಬೋರ್‌ನದು ಕನ್ನಡಕದ ಅಂಗಡಿ. ಮೀನಿನ ವಿಷಯದಲ್ಲಿ ಅವನ ಮಾತೇ ಕೊನೆ ಎಂದು ಸಂಘದಲ್ಲಿ ಎಲ್ಲರೂ ಒಪ್ಪಿದ್ದರು. ಜೇಬಿನಿಂದ ಭೂತಗನ್ನಡಿ ತೆಗೆದು, ಬಗ್ಗಿ, ಬಹಳ ಹೊತ್ತು ನೋಡಿದ.

"ಬಾಲದ ತುದಿ ಹರಿದಿದೆ. ಬಲೆಗೆ ಸಿಕ್ಕಿದ ಗುರುತು ಇದ್ದ ಹಾಗಿದೆ. ನದೀಲಿ ಹಿಡಿದ ಮೀನು ಅನ್ಸುತ್ತೆ."

ಈ ಮೀನು ಸಿಗುವುದು ಬ್ರೆಜಿಲಿನ ಒಂದೇ ಒಂದು ನದಿಯಲ್ಲಿ, ಅಲ್ಲಿಂದ ಅದನ್ನು ಹೊರಗೆ ತರುವುದು ಕಾನೂನಿಗೆ ವಿರುದ್ಧ. ಸಭಾಭವನದಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ.

"ಅನ್ಸುತ್ತಾ?" ಎಂದೆ ನಾನು. "ಅಂಗಡೀಲೂ ಹೀಗೇನಾ? ಕನ್ನಡಕದ ನಂಬರನ್ನೂ ಅಂದಾಜಲ್ಲೇ ಬರ್ಕೊಡ್ತೀರಾ?"

ಆಗ ತಲೆಯೆತ್ತಿ ನನ್ನನ್ನು ನೋಡಿದ. ಬೂದು ಕಣ್ಣುಗಳು. ನಾಚಿಕೆಯಾದರೆ ಅವನಿಗೆ ಮೊದಲು ಕಿವಿ ಕೆಂಪಾಗುತ್ತಿತ್ತು. ಮೈಯೆಲ್ಲ ಉರಿಯುತ್ತಿದ್ದ ಆ ಗಳಿಗೆಯಲ್ಲಿ ಅವನ ಕಿವಿಯನ್ನು ನಾನೇಕೆ ಗಮನಿಸಿದೆನೋ, ಇವತ್ತಿಗೂ ತಿಳಿಯದು.

ತಿಂಗಳ ಕೊನೆಯ ಸಭೆಗೆ ಮೀನು ಎಲ್ಲಿಂದ ಬಂತೆಂಬ ಕಾಗದ ತರಬೇಕು, ಇಲ್ಲವೇ ಕ್ಷಮೆ ಕೇಳಬೇಕು ಎಂದು ಶೆಬೆಸ್ತಾ ತೀರ್ಪು ಕೊಟ್ಟರು.

"ಮನೇಲಿ ಹುಟ್ಟಿದ ಮಕ್ಕಳಿಗೂ ರಸೀದಿ ಇರುತ್ತಾ?" ಎಂದು ಕೇಳಿ, ತೊಟ್ಟಿ ಎತ್ತಿಕೊಂಡು ಹೊರಟೆ.

ಬುಧವಾರ ಟ್ರಾಮ್ ಓಡಿಸುವ ಡ್ಯೂಟಿ ಮುಗಿಸಿ ಡಿಪೋದಿಂದ ಬಂದು ಯೂನಿಫಾರ್ಮ್ ಕೂಡ ಬದಲಿಸಿರಲಿಲ್ಲ, ಬೆಲ್ ಹೊಡೆಯಿತು. ಬಾಗಿಲಲ್ಲಿ ದಾಲಿಬೋರ್, ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತಿದ್ದ.

"ನಾನು 'ಅನ್ಸುತ್ತೆ' ಅಂದೆ. ಅವರ ಬಾಯಲ್ಲಿ ಅದು 'ಹೌದು' ಆಗಿದೆ. ಒಂದ್ಸಲ ಸರಿಯಾಗಿ ನೋಡ್ಬೇಕು ಅಂತ ಬಂದೆ."

"ಮೂರು ದಿನ ಬೇಕಾಯ್ತಾ ಮೂರು ಮಹಡಿ ಹತ್ತೋಕೆ?"

"ಎರಡನೇ ಮಹಡಿಯಿಂದ ಎರಡು ಸಲ ವಾಪಸ್ ಹೋದೆ."

ನಗು ಬಂತು. ತೋರಿಸಲಿಲ್ಲ. "ಶೂ ಬಿಚ್ಚಿ ಒಳಗೆ ಬನ್ನಿ" ಎಂದೆ.

ಮನೆಯಲ್ಲಿದ್ದದ್ದು ನನ್ನ ಗುಲಾಬಿ ಬಣ್ಣದ ಚಪ್ಪಲಿ ಮಾತ್ರ. ಹಿಮ್ಮಡಿ ಪೂರ್ತಿ ಹೊರಗೆ ಬಿಟ್ಟುಕೊಂಡು, ಅದನ್ನೇ ಮೆಟ್ಟಿ ಗಂಭೀರವಾಗಿ ನಡೆದು ಬಂದ.

ದೊಡ್ಡ ತೊಟ್ಟಿಯಲ್ಲಿ ನಾನೇ ಮಣ್ಣಿನಲ್ಲಿ ಮಾಡಿ ಸುಡಿಸಿದ ಕೊಳವೆಗಳಿದ್ದವು, ಒಂದು ಮೀನು ಮಾತ್ರ ಹಿಡಿಯುವಷ್ಟು ಕಿರಿದಾದವು. ಅದರಲ್ಲೊಂದರೊಳಗೆ ಗಂಡು ಮೀನು ರೆಕ್ಕೆ ಬಡಿಯುತ್ತ ಮೊಟ್ಟೆಗಳಿಗೆ ಗಾಳಿ ಹಾಕುತ್ತಿತ್ತು. ಅದಕ್ಕೆ ಹವೀರ್, ಅಂದರೆ ಗಣಿ ಕೆಲಸಗಾರ, ಎಂದು ಹೆಸರಿಟ್ಟಿದ್ದೆ. ಕಲ್ಲಿದ್ದಲ ಗಣಿಗೆ ಇಳಿಯುತ್ತಿದ್ದ ನನ್ನಪ್ಪನನ್ನು ಜನ ಹಾಗೇ ಕರೆಯುತ್ತಿದ್ದರು.

"ತಾಯಿ ಎಲ್ಲಿ?" ಎಂದು ಪಿಸುಗುಟ್ಟಿದ.

"ಮೊಟ್ಟೆ ಇಟ್ಟು ಹೋದ್ಲು. ಇನ್ನು ಎಲ್ಲಾ ಅಪ್ಪಂದೇ. ಬಾಲ ಹರಿದಿದೆ, ಕಾಣ್ತಾ? ಈ ಕೊಳವೆಗೋಸ್ಕರ ಇನ್ನೊಂದು ಗಂಡಿನ ಜೊತೆ ಹೊಡೆದಾಡಿದ್ದು. ಸಂತೇಲಿ ನೀವು ನೋಡಿದವೂ ಇದೇ ಜಗಳಗಂಟರ ಮಕ್ಕಳು."

ಅವನು ಕೊಳವೆಯ ಕಡೆಗೆ ಇನ್ನಷ್ಟು ಬಗ್ಗಿದ. ಕಿವಿ ಕೆಂಪಾಗಿತ್ತು.

"ಮರಿ ಆಗೋವರೆಗೂ ದಿನಾ ಬಂದು ನೋಡಿ. ಗಾಜು ಮುಟ್ಟಬೇಡಿ, ಬೆಳಕು ಬಿಡಬೇಡಿ" ಎಂದೆ.

ಮರುದಿನವೂ ಬಂದ. ಬೆಳ್ಳುಳ್ಳಿ ಸೂಪ್ ಕೊಟ್ಟೆ. ಹುರಿದ ಬ್ರೆಡ್ ಚೂರುಗಳನ್ನು ಮೊದಲು ಹೆಕ್ಕಿ ತಿಂದು, ಬರೀ ಸೂಪನ್ನು ಪೆಚ್ಚಾಗಿ ನೋಡುತ್ತ ಕೂತ. ನನ್ನ ಬಟ್ಟಲಿನ ಚೂರುಗಳನ್ನು ಅವನ ಬಟ್ಟಲಿಗೆ ಸುರಿದೆ. "ಇಷ್ಟೊಂದು ಬೇಡ" ಎಂದವನು ಅವನ್ನೂ ಹೆಕ್ಕಿ ಮುಗಿಸಿದ.

ಮೂರನೆಯ ದಿನ ನಾನು ಚಹಾ ತರುವಷ್ಟರಲ್ಲಿ ಎದುರಿನ ಗೋಡೆಯ ಮೇಲೆ ಬೆಳಕು ಆಡುತ್ತಿತ್ತು. ಅವನ ಕೈಯಲ್ಲಿ ಟಾರ್ಚ್. ಬೆದರಿದ ಹವೀರ್ ಬಾಲ ಬೀಸಿ ಮೊಟ್ಟೆಗಳನ್ನೆಲ್ಲ ಕೊಳವೆಯಿಂದ ಆಚೆ ತಳ್ಳಿಬಿಟ್ಟಿದ್ದ. ಹಳದಿ ಸಾಬಕ್ಕಿಯಂಥ ಹನ್ನೆರಡು ಕಾಳುಗಳ ಒಂದು ಗೊಂಚಲು ಮರಳಿನ ಮೇಲೆ ಬಿದ್ದಿತ್ತು.

"ಹೊರಡಿ" ಎಂದೆ.

"ರಾಡ್ಮಿಲಾ ಅವರೇ, ಎಷ್ಟಿವೆ ಅಂತ ಎಣಿಸೋಣ ಅಂತ..."

"ಒಂದು ಸಲ ನನ್ನ ಮಾನ ಕಳೆದ್ರಿ. ಈಗ ಇದು. ಹೊರಡಿ!"

ಅವನು ಹೋದ ಮೇಲೆ ಮೊಟ್ಟೆಗಳನ್ನು ಜಾಲರಿ ಬುಟ್ಟಿಗೆ ಹಾಕಿ, ಕೆಳಗಿನಿಂದ ಗಾಳಿಗುಳ್ಳೆ ಬಿಟ್ಟೆ. ಅಪ್ಪನ ರೆಕ್ಕೆಯಷ್ಟು ಅದು ಒಳ್ಳೆಯದಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಒಂದು ಮೊಟ್ಟೆಗೆ ಬೂಷ್ಟು ಹತ್ತಿತ್ತು. ಅದನ್ನು ಬಿಡಿಸದಿದ್ದರೆ ಉಳಿದವೂ ಕೆಡುತ್ತವೆ. ಬಿಡಿಸಲು ಹೋದರೆ ನನ್ನ ಕೈ ನಡುಗುತ್ತಿತ್ತು. ಅಷ್ಟರಲ್ಲಿ ಬೆಲ್ ಹೊಡೆಯಿತು.

"ಎಷ್ಟು ಬೇಕಾದ್ರೂ ಬೈರಿ" ಎಂದ ಬಾಗಿಲಲ್ಲೇ. "ಆದ್ರೆ ಕೆಲಸ ಕೊಡಿ. ಕನ್ನಡಕದ ಸಣ್ಣ ಸ್ಕ್ರೂ ಹಾಕೋ ಕೈ ಇದು, ನಡುಗಲ್ಲ."

ಬೈದೆ. ಆಮೇಲೆ ಚಿಮುಟ ಕೊಟ್ಟೆ.

ಉಸಿರು ಬಿಗಿಹಿಡಿದು, ಒಳ್ಳೆಯ ಮೊಟ್ಟೆಗೆ ಚೂರೂ ತಾಗದ ಹಾಗೆ ಕೆಟ್ಟದ್ದನ್ನು ಬಿಡಿಸಿದ. ನಾನು ಮೊಟ್ಟೆಯನ್ನು ನೋಡಬೇಕಿತ್ತು. ನೋಡಿದ್ದು ಅವನ ಬೆರಳುಗಳನ್ನು. ನನ್ನ ಡ್ಯೂಟಿ ಇದ್ದಾಗ ಅವನ ಕೈಗೆ ಬೀಗದ ಕೈ ಕೊಟ್ಟು ಹೋಗತೊಡಗಿದೆ. ನಡುವಿನ ನಿಲ್ದಾಣದಲ್ಲಿ ಟ್ರಾಮಿನ ಬಾಗಿಲು ತೆರೆಯುವುದನ್ನೇ ಒಮ್ಮೆ ಮರೆತು ಪ್ರಯಾಣಿಕರಿಂದ ಬೈಸಿಕೊಂಡೆ.

ಇನ್ನೆರಡು ಮೊಟ್ಟೆ ಕೆಟ್ಟವು. ಒಂಬತ್ತು ಉಳಿದವು. ಒಂದು ಸಂಜೆ ನಾನು ಬಾಗಿಲು ತೆಗೆಯುತ್ತಲೇ ಒಳಗಿನಿಂದ ಕೂಗಿದ:

"ಬೇಗ ಬಾ ರಾಡ್ಮಿಲಾ! ಬಾಲ ನೋಡು, ಬಾಲ!"

ಹಳದಿ ಹೊಟ್ಟೆಯ ಹಿಂದೆ ದಾರದ ಎಳೆಯಂಥ ಬಾಲ ಅಲ್ಲಾಡುತ್ತಿತ್ತು. ತಾನು ಏನೆಂದು ಕರೆದೆನೆಂಬುದು ಆಗ ಹೊಳೆದು, "ಕ್ಷಮಿಸಿ... ಬನ್ನಿ, ನೋಡಿ" ಎಂದು ತೊದಲಿದ.

"ತಿದ್ದಬೇಡ" ಎಂದೆ. "ಮೊದಲು ಹೇಳಿದ್ದೇ ಸರಿಯಾಗಿತ್ತು."

ಸಭೆಯ ದಿನ ಮಧ್ಯಾಹ್ನ ಅವನು ಮರಿಗಳ ಫೋಟೊ ತೆಗೆಯಲು ಫೋನ್ ಎತ್ತಿದ. ಕೈ ಅಡ್ಡ ಹಿಡಿದೆ.

"ಒಂದು ಫೋಟೊನೂ ಬೇಡ. ನಾನು ಅವರ ಮುಂದೆ ಪರೀಕ್ಷೆ ಬರೆಯೋಕೆ ಹೋಗ್ತಿಲ್ಲ."

"ಮತ್ತೆ ಹೋಗೋದಾದ್ರೂ ಯಾಕೆ?"

"ಮುಖ ಮುಚ್ಕೊಂಡು ಮನೇಲಿ ಕೂತಿದಾಳೆ ಅಂತ ಅಂದ್ಕೋಬಾರ್ದು, ಅದಕ್ಕೆ."

"ನಿನ್ನ ಪರವಾಗಿ ಮಾತಾಡ್ಲಾ?"

"ಬೇಡ. ನಿನ್ನ ತಪ್ಪಿನ ಬಗ್ಗೆ ಬೇಕಾದ್ರೆ ಮಾತಾಡು. ಅದು ನಿಂದು."

ಬಿಯರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೈದು ಜನ ಸೇರಿದ್ದರು. ಶೆಬೆಸ್ತಾ ಕಾಗದ ಕೇಳಿದರು. ಇಲ್ಲ ಎಂದೆ. ಕ್ಷಮೆ ಕೇಳುತ್ತೀರಾ ಎಂದರು. ಇಲ್ಲ ಎಂದೆ. ಆಗ ದಾಲಿಬೋರ್ ಎದ್ದು ನಿಂತ.

"ಅವತ್ತು ನಾನು ಹೇಳಿದ್ದು ತಪ್ಪು. ಅರ್ಧ ನೋಡಿ ಪೂರ್ತಿ ತಿಳಿದವನ ಹಾಗೆ ಮಾತಾಡ್ದೆ. ಆಮೇಲೆ ಅವರ ಮನೇಲಿ ಒಂಬತ್ತು ಮರಿ ಹುಟ್ಟಿದ್ದನ್ನ ಇದೇ ಕಣ್ಣಲ್ಲಿ ನೋಡಿದೀನಿ."

ಶೆಬೆಸ್ತಾ ಕುರ್ಚಿಗೆ ಒರಗಿದರು. "ನೋಡಿರ್ತೀರಪ್ಪಾ! ಯಾರ ಅಡುಗೆಮನೇಲಿ ಬೆಳ್ಳುಳ್ಳಿ ಸೂಪ್ ಕುಡೀತಿದೀರಿ ಅಂತ ಬಡಾವಣೆಗೆಲ್ಲಾ ಗೊತ್ತು. ಒಂದು ಬಟ್ಟಲು ಸೂಪಿಗೆ ಸಾಕ್ಷಿ ಸಿಗೋದಾದ್ರೆ ನಾನೂ ನಾಳೆಯಿಂದ ಒಲೆ ಹಚ್ತೀನಿ!"

ಕೋಣೆಯೆಲ್ಲ ನಕ್ಕಿತು. ದಾಲಿಬೋರ್ ತಲೆ ತಗ್ಗಿಸಿದ. ಅವನು ಹಾಗೆ ನಿಂತದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಎದ್ದೆ.

"ಒಂದು ಬಟ್ಟಲಲ್ಲ ಶೆಬೆಸ್ತಾ ಅವರೇ, ಎರಡು. ಬ್ರೆಡ್ಡನ್ನೂ ಹೆಚ್ಚಿಗೆ ಹಾಕಿಸ್ಕೋತಾನೆ. ನಾಳೆನೂ ಕುಡೀತಾನೆ, ನಾಡಿದ್ದೂ ಕುಡೀತಾನೆ. ಅವನಿಗೆ ಇಷ್ಟ ಇದ್ರೆ ಬದುಕಿರೋವರೆಗೂ ನನ್ನ ಮನೇಲೇ ಕುಡೀತಾನೆ. ಇದನ್ನೂ ಬರ್ಕೊಳ್ಳಿ."

ಯಾರೂ ನಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ಕೆಮ್ಮಿ, "ನನಗೇನೋ ಆಯಮ್ಮನ ಮಾತು ನಿಜ ಅನ್ಸುತ್ತೆ. ಕೈ ಎತ್ತಿ ನೋಡೋಣ" ಎಂದರು. ಒಂಬತ್ತು ಕೈ ನನ್ನ ಪರ ಎದ್ದವು. ಶೆಬೆಸ್ತಾ ಗಂಟಲು ಸರಿಮಾಡಿಕೊಂಡು, ನೀವು ಸಂಘದಲ್ಲಿ ಮುಂದುವರಿಯಬಹುದು ಎಂದರು.

"ಮುಂದುವರಿಯಬಹುದು. ಆದ್ರೆ ಮುಂದುವರಿಯಲ್ಲ" ಎಂದೆ. ಸದಸ್ಯತ್ವದ ಕಾರ್ಡನ್ನು ಅವರ ಬಿಯರ್ ಲೋಟದ ಪಕ್ಕದಲ್ಲಿಟ್ಟೆ. "ಮರಿ ಬೇಕಾದವರು ಮನೆಗೆ ಬನ್ನಿ. ಮೂರನೇ ಮಹಡಿ. ಕೊಳವೆ ಮಾಡೋದನ್ನೂ ಹೇಳ್ಕೊಡ್ತೀನಿ. ನಿಮಗೂ ಕೂಡ, ಶೆಬೆಸ್ತಾ ಅವರೇ."

ಇಬ್ಬರೂ ಟ್ರಾಮ್ ನಿಲ್ದಾಣಕ್ಕೆ ನಡೆದೆವು. ಸಂಜೆಯ ಮಂಜು ಉದುರುತ್ತಿತ್ತು. ದಾಲಿಬೋರ್ ಕೋಟನ್ನು ಅಲ್ಲೇ ಮರೆತು ಬಂದಿದ್ದ. ನನ್ನ ಉಣ್ಣೆಯ ಶಾಲನ್ನು ಅವನ ಕುತ್ತಿಗೆಗೆ ಸುತ್ತಿದೆ. ಶಾಲಿನ ಎರಡೂ ತುದಿ ನನ್ನ ಕೈಯಲ್ಲೇ ಉಳಿದವು.

"ಬದುಕಿರೋವರೆಗೂ ಅಂದೆಯಲ್ಲ" ಎಂದ ನಿಧಾನವಾಗಿ. "ಸಿಟ್ಟಲ್ಲಿ ಅಂದಿದ್ದಾ?"

"ಸಿಟ್ಟಲ್ಲೇ."

ಅವನ ಮುಖ ಬಾಡಿತು.

"ಆದ್ರೆ ಸಿಟ್ಟು ಬಂದಾಗ ನನಗೆ ಸುಳ್ಳು ಹೇಳೋಕೆ ಬರಲ್ಲ, ದಾಲಿಬೋರ್."

ಅವನ ಕಿವಿ ಈ ಸಲ ಚಳಿಗೆ ಕೆಂಪಾಯಿತೋ ಬೇರೆ ಯಾವುದಕ್ಕೋ, ನಾನು ಕೇಳಲಿಲ್ಲ. ಶಾಲಿನ ತುದಿಗಳನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡೆ. ಅಷ್ಟರಲ್ಲಿ ಟ್ರಾಮ್ ಬಂದು ನಿಂತಿತು. ಡ್ರೈವರ್ ಸೀಟಿನಲ್ಲಿದ್ದ ನನ್ನ ಗೆಳತಿ ಬ್ಲಾಂಕಾ ಕಣ್ಣರಳಿಸಿ ನೋಡಿ, ಬೇಕೆಂದೇ ಮೂರು ಸಲ ಗಂಟೆ ಬಾರಿಸಿದಳು. ಟ್ರಾಮಿನ ತುಂಬ ಜನ ಕಿಟಕಿಗೆ ಮುಖ ಒತ್ತಿದರು.

ನೋಡಿಕೊಳ್ಳಲಿ ಎಂದುಕೊಂಡೆ. ಮುಂದಿನ ಟ್ರಾಮ್ ಹನ್ನೆರಡು ನಿಮಿಷಕ್ಕೆ ಬರುತ್ತದೆ. ಅದು ನನಗಿಂತ ಚೆನ್ನಾಗಿ ಬೇರೆ ಯಾರಿಗೆ ಗೊತ್ತು?