ಎಡಗಾಲಿಗೆ ಮೂರು ಪದರ

ನಲವತ್ತೆರಡು ಕಿಲೋಮೀಟರ್ ಓಡುವುದು ಅಗ್ಗದ ಬಾಬತ್ತಲ್ಲ. ಎರಡು ಜೋಡಿ ಶೂ ಸವೆಯುತ್ತವೆ, ಒಂದು ಹೆಬ್ಬೆರಳಿನ ಉಗುರಾದರೂ ಕಪ್ಪಾಗಿ ಕಳಚಿಕೊಳ್ಳುತ್ತದೆ, ನಾಲ್ಕೈದು ತಿಂಗಳ ಭಾನುವಾರದ ನಿದ್ದೆ ಕೈಬಿಡುತ್ತದೆ. ಬಸ್ಸು ಹಿಡಿಯಲೂ ಓಡದ ಶೂ ರಿಪೇರಿಯವನಿಗೆ ಈ ಲೆಕ್ಕವೆಲ್ಲ ಬಾಯಿಪಾಠವಾಗಿತ್ತು. ಕಲಿಸಿದವಳು ಅವನ ಗಿರಾಕಿಯೊಬ್ಬಳು.

ಮೊದಲ ಸಲ ಅವಳು ಓಟದ ಶೂಗಳನ್ನು ಕೌಂಟರಿನ ಮೇಲಿಟ್ಟಾಗ ಅವನು ಅಡಿ ತಿರುಗಿಸಿ ನೋಡಿ, "ಅದಲುಬದಲಾಗಿದೆ. ಒಂದು ನಿಮ್ದು, ಇನ್ನೊಂದು ಯಾರ್ದೋ," ಅಂದ.

"ಎರಡೂ ನನ್ನ ಕಾಲೇ ಕಣ್ರೀ!"

"ಬಲಗಡೆಯದು ಹೊಸದರ ಹಾಗಿದೆ. ಎಡಗಡೆಯ ಹಿಮ್ಮಡಿ ಪೂರ್ತಿ ತಿಂದ್ಹೋಗಿದೆ. ಇದು ಯಾರೋ ಸಿಟ್ಟಿನ ಮನುಷ್ಯರ ಕಾಲು."

"ಅಂಗೈ ನೋಡಿ ಭವಿಷ್ಯ ಹೇಳೋರನ್ನ ಕಂಡಿದ್ದೆ. ಅಂಗಾಲು ನೋಡಿ ಬೈಯೋರನ್ನ ಇವತ್ತೇ ಕಂಡಿದ್ದು."

ಎರಡು ಬೀದಿ ಆಚೆಯ ಕಣ್ಣಿನ ಕ್ಲಿನಿಕ್ಕಿನಲ್ಲಿ ದಿನವಿಡೀ ಜನರಿಗೆ ಗೋಡೆಯ ಮೇಲಿನ ಅಕ್ಷರ ಓದಿಸುವ ಕೆಲಸ ಅವಳದು. ಅದಕ್ಕೋ ಏನೋ, ಯಾರನ್ನೇ ನೋಡಲಿ, ಒಂದು ಕಣ್ಣು ಕಿರಿದು ಮಾಡಿ, ತಲೆ ವಾಲಿಸಿ, ಕೊನೆಯ ಸಾಲಿನ ತನಕ ಓದಿಬಿಡುವವಳ ಹಾಗೆ ನೋಡುತ್ತಿದ್ದಳು. ಆ ನೋಟ ತನ್ನ ಮೇಲೆ ನಿಂತಾಗ ಅವನ ಕೈಯಲ್ಲಿದ್ದ ಅಂಟಿನ ಡಬ್ಬಿ ಜಾರಿ ನೆಲಕ್ಕೆ ಬಿತ್ತು. ಅಂಗಡಿಯ ಇನ್ನೊಂದು ಮೂಲೆಯಲ್ಲಿ ಬೀಗದ ಕೈ ಉಜ್ಜುತ್ತಿದ್ದ ಅವನ ಅಕ್ಕ ಬೇಕೆಂದೇ ಕೆಮ್ಮಿದಳು.

ಅವನು ಎಡ ಶೂವಿನೊಳಗೆ, ಹಿಮ್ಮಡಿಯ ಕೆಳಗೆ, ಓರೆಯಾಗಿ ಕತ್ತರಿಸಿದ ರಬ್ಬರಿನ ತೆಳು ಪದರವೊಂದನ್ನು ಕೂರಿಸಿ ಕೊಟ್ಟ. ಎರಡು ವಾರಕ್ಕೆ ಅವಳು ಮತ್ತೆ ಬಂದಳು.

"ಸೊಂಟದ ಹತ್ರ ಹಿಡ್ಕೋತಿತ್ತು, ಮಾಯ! ನಿಮ್ಮ ಕೈಗೆ ಏನು ಕೊಡ್ಲಿ?"

"ಮುಂದಿನ ರಿಪೇರಿ ಕೊಡಿ, ಸಾಕು."

ಅಲ್ಲಿಂದ ಮುಂದೆ ಪ್ರತಿ ಶನಿವಾರ ಬರತೊಡಗಿದಳು. ಅಂಟು ಒಣಗುವ ತನಕ ಸ್ಟೂಲಿನ ಮೇಲೆ ಕುಳಿತು ಓಟದ ಮಾತಾಡುವಳು.

"ಮೊದಲ ಹತ್ತು ಕಿಲೋಮೀಟರ್ ಎಲ್ಲರೂ ನಮ್ಮನ್ನ ಹಿಂದೆ ಹಾಕ್ತಾರೆ. ಹಾಕ್ಲಿ ಬಿಡಿ. ಆಮೇಲೆ ಒಬ್ಬೊಬ್ಬರೇ ರಸ್ತೆ ಪಕ್ಕ ಕಾಲು ಹಿಡ್ಕೊಂಡು ಕೂತಿರ್ತಾರೆ."

"ಮೂವತ್ತು ದಾಟಿದ್ಮೇಲೆ?"

"ಆಗ ನಲವತ್ತೆರಡನ್ನ ಮರೆತುಬಿಡ್ಬೇಕು. ಮುಂದಿನ ಲೈಟ್ ಕಂಬದ ತನಕ ಹೋಗ್ತೀನಿ ಅಂದ್ಕೋಬೇಕು, ಅಷ್ಟೇ."

ಅವನೂ ಹಾಗೆಯೇ ಬದುಕತೊಡಗಿದ. ಮುಂದಿನ ಶನಿವಾರದ ತನಕ, ಅಷ್ಟೇ.

"ಲೋ, ನಿನ್ನ ಮ್ಯಾರಥಾನು ಬಂದ್ಲು. ಮೂಗಿಗೆ ಪಾಲಿಶ್ ಮೆತ್ಕೊಂಡಿದೆ, ಒರೆಸ್ಕೋ," ಅನ್ನುತ್ತಿದ್ದಳು ಅಕ್ಕ. ಮ್ಯಾರಥಾನು ಹೋದ ಮೇಲೆ, "ಇನ್ನೂ ಹೇಳ್ಲಿಲ್ವೇನೋ?"

"ರೇಸ್ ಮುಗೀಲಿ ಅಕ್ಕ."

"ಓಡ್ತಿರೋದು ಅವಳಾ, ನೀನಾ?"

ಮೂರನೆಯ ತಿಂಗಳು ಎರಡನೆಯ ಪದರ ಬೇಕಾಯಿತು. ಆಮೇಲೊಂದು ಶನಿವಾರ ಶೂ ತಿರುಗಿಸಿದವನ ಕೈ ನಿಂತುಹೋಯಿತು. ಎಡ ಶೂವಿಗೆ ಅವನೇ ಹಾಕಿದ್ದ ಹೊಸ ಹಿಮ್ಮಡಿ ಎರಡೇ ವಾರಕ್ಕೆ ಕರಗಿತ್ತು. ಸಾಲದ್ದಕ್ಕೆ ಬಲ ಶೂವಿನ ಒಳ ಅಂಚೂ ಸವೆಯತೊಡಗಿತ್ತು. ಅಂದರೆ ಅವಳಿಗೆ ತಿಳಿಯದ ಹಾಗೆ ಅವಳ ಮೈ ಎಡಗಾಲನ್ನು ಎಳೆದುಕೊಂಡು, ಭಾರ ಬಲಕ್ಕೆ ಹಾಕಿ ಓಡುತ್ತಿತ್ತು. ಇಪ್ಪತ್ತು ವರ್ಷ ಜನರ ಅಡಿ ನೋಡಿದವನಿಗೆ ಇದು ಸವೆತವಲ್ಲ, ಕುಂಟು ಎಂದು ಗೊತ್ತಾಗದೆ ಇರಲಿಲ್ಲ.

"ಬೆಳಗ್ಗೆ ಏಳೋವಾಗ ಸೊಂಟ ಹಿಡ್ಕೊಳ್ಳತ್ತೆ," ಅಂದಳು. "ಡಾಕ್ಟರಿಗೆ ತೋರಿಸ್ಲಾ? ನೀವು ಹೇಳಿ."

ರೇಸಿಗೆ ಇನ್ನು ಐದು ವಾರ. ಡಾಕ್ಟರು ಓಟ ನಿಲ್ಲಿಸು ಅನ್ನುತ್ತಾರೆ. ಓಟ ನಿಂತರೆ ಶೂ ಸವೆಯುವುದಿಲ್ಲ, ಶೂ ಸವೆಯದಿದ್ದರೆ ಆ ಸ್ಟೂಲು ಖಾಲಿ.

"ಬೇಡ," ಅಂದ. "ಇನ್ನೊಂದು ಪದರ ಹಾಕ್ತೀನಿ."

ಅಕ್ಕ ತಲೆಯೆತ್ತಿ ತಮ್ಮನನ್ನು ನೋಡಿದಳು. ಈ ಸಲ ಕೆಮ್ಮಲಿಲ್ಲ.

ಆಮೇಲೆ ಆರು ಶನಿವಾರ ಅವಳು ಬರಲಿಲ್ಲ. ಏಳನೆಯದಕ್ಕೆ ಎರಡು ಊರುಗೋಲುಗಳ ಮೇಲೆ ಬಂದಳು.

"ತೊಡೆ ಮೂಳೆ ಸೊಂಟಕ್ಕೆ ಸೇರೋ ಕಡೆ ಬಿರುಕು ಬಿಟ್ಟಿತ್ತು. ನೀವು ಪದರ ಹಾಕಿದ ವಾರವೇ, ಓಡ್ತಾ ಓಡ್ತಾನೇ ಮುರೀತು. ಸ್ಕ್ರೂ ಹಾಕಿದಾರೆ. ನಡೀಬಹುದಂತೆ. ಓಡೋ ಹಾಗಿಲ್ಲ, ಯಾವತ್ತೂ."

ಅವನು ಸ್ಟೂಲನ್ನು ಅವಳ ಕಡೆ ಸರಿಸಿದ. ಅವಳು ಕೂರಲಿಲ್ಲ.

"ಡಾಕ್ಟರು ಶೂ ಒಳಗಿಂದ ಮೂರು ಪದರ ಕಿತ್ತು ಮೇಜಿನ ಮೇಲಿಟ್ರು. ಇದನ್ನ ಹಾಕಿದೋರಿಗೆ ಗೊತ್ತಾಗಿರ್ಬೇಕಲ್ಲ ಅಂದ್ರು. ನಿಮಗೆ ಗೊತ್ತಿತ್ತಾ?"

ಇಲ್ಲ ಅಂದಿದ್ದರೆ ನಂಬುತ್ತಿದ್ದಳು.

"ಗೊತ್ತಿತ್ತು."

"ಮತ್ತೆ?"

"ಓಟ ಬಿಟ್ರೆ ನೀವು ಇಲ್ಲಿಗೆ ಬರಲ್ಲ ಅಂತ... ನೀವಿಲ್ಲದೆ ನನಗೆ ಶನಿವಾರ ಕಳೆಯೋಕೆ ಆಗಲ್ಲ."

ಅವಳು ಒಂದು ಕಣ್ಣು ಕಿರಿದು ಮಾಡಿ ಅವನನ್ನು ಬಹಳ ಹೊತ್ತು ನೋಡಿದಳು.

"ವಾರ ವಾರ ಹಿಮ್ಮಡಿ ಸವೆಯುತ್ತಾ ಯಾರಿಗಾದ್ರೂ? ಎಷ್ಟೋ ಸಲ ಸರಿಯಿದ್ದ ಶೂನೇ ತಂದಿದೀನಿ. ಈ ಮಾತು ಆವತ್ತೇ ಹೇಳಿದ್ರೆ ಚಪ್ಪಲಿ ಮೆಟ್ಕೊಂಡು ಬರ್ತಿದ್ದೆ."

"ಈಗ?"

"ಓಡೋರು ಕಲಿಯೋದು ಒಂದೇ. ಸುಸ್ತು ಸುಳ್ಳು ಹೇಳತ್ತೆ, ನೋವು ಹೇಳಲ್ಲ. ನನ್ನ ನೋವಿನ ಬಾಯಿಗೆ ನೀವು ರಬ್ಬರ್ ತುರುಕಿದ್ರಿ. ಅದು ಗೊತ್ತಾಗದೇ ಇದ್ದದ್ದು ನನ್ನ ತಪ್ಪೂ ಹೌದು. ಸಿಟ್ಟಿಲ್ಲ. ಆದ್ರೆ ಮೆಟ್ಟಿಲು ಹತ್ತೋವಾಗೆಲ್ಲ ನೀವು ನೆನಪಾಗ್ತೀರಿ. ಹಾಗೆ ನೆನಪಾಗೋರ ಜೊತೆ ಬಾಳೋಕಾಗಲ್ಲ."

ತಿರುಗುವಾಗ ಊರುಗೋಲೊಂದು ನೆಲದ ಮೇಲೆ ಜಾರಿತು.

"ಒಂದ್ನಿಮಿಷ ಕೂತ್ಕೊಳ್ಳಿ."

ಅವಳು ಕುಳಿತಳು. ಅವನು ನೆಲದ ಮೇಲೆ ಮಂಡಿಯೂರಿ ಎರಡೂ ಊರುಗೋಲಿನ ತುದಿಗೆ ಹೊಸ ರಬ್ಬರು ಹಾಕಿದ. ಎದ್ದು ಕೊಡುವಾಗ, "ಇದು ಎರಡು ತಿಂಗಳು ಬರತ್ತೆ. ಆಮೇಲೆ ಎಲ್ಲಾದ್ರೂ ಬದಲಾಯಿಸ್ಕೊಳ್ಳಿ. ಬಿಟ್ರೆ ಬೀಳ್ತೀರಿ," ಅಂದ.

"ಇದನ್ನ ಸರಿಯಾಗಿ ಹೇಳಿದ್ರಿ," ಅಂದು ಅವಳು ಹೊರಟಳು. ಅಕ್ಕ ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು.

ಅವಳಿಗೆ ಓಟ ಹೋಯಿತು, ಅವನಿಗೆ ಅವಳು ಹೋದಳು. ಆವತ್ತೇ ಬಾಯಿ ಬಿಟ್ಟಿದ್ದರೆ ಹೋಗುತ್ತಿದ್ದದ್ದು ಓಟವೊಂದೇ, ಅದೂ ಬಹುಶಃ ಒಂದು ವರ್ಷದ ಮಟ್ಟಿಗೆ.