ಸುಟ್ಟ ಕಾಗದ ತಿರುಗಿ ಬಂತು

ಮೇ ತಿಂಗಳ ಆ ಸೋಮವಾರ ಮಧ್ಯಾಹ್ನ ಮೂರು ಗಂಟೆಗೆ ಲೋರ್ನಾ ಕಿಂಬಲ್ ಬಾಗಿಲು ತಟ್ಟದೆ ಹಿಲ್ಮಾಳ ಅಡುಗೆಮನೆಗೆ ನುಗ್ಗಿದಳು. ರಬ್ಬರ್ ಬೂಟಿನ ತುಂಬ ಕೊಲ್ಲಿಯ ಕೆಸರು. ನಾನು ಕೊಟ್ಟ ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದಳು, ಏಕೆಂದರೆ ಬಲಗೈ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜಿತ್ತು. ಶುಕ್ರವಾರ ಬೆಳಿಗ್ಗೆ ಸಿಂಪಿಯ ಚಿಪ್ಪು ಬಿಡಿಸುವಾಗ ಚಾಕು ಜಾರಿ ಐದು ಹೊಲಿಗೆ ಬಿದ್ದಿತ್ತಂತೆ.

"ನನ್ನ ಹೆಸರು ತೆಗೆದುಹಾಕಿದಾರೆ, ಹಿಲ್ಮಾ ಅವರೇ. ನಾನೇ ಸ್ಪರ್ಧೆಯಿಂದ ಹಿಂದೆ ಸರಿದಿದೀನಂತೆ. ಐದು ಗಂಟೆಗೆ ಪಟ್ಟಿ ಮುಚ್ತಾರೆ. ಆಮೇಲೆ ದೇವರೇ ಬಂದ್ರೂ ಆಗಲ್ವಂತೆ."

ಹಿಲ್ಮಾ ಕೋಸ್ಕಿ ನಮ್ಮ ಕೌಂಟಿಯ ಚುನಾವಣಾ ಕಚೇರಿಯಲ್ಲಿ ಮೂವತ್ತು ವರ್ಷ ಸಹಿ ನೋಡಿದವಳು. ನಮ್ಮ ವಾಷಿಂಗ್ಟನ್ ರಾಜ್ಯದಲ್ಲಿ ವೋಟೆಲ್ಲ ಅಂಚೆಯಲ್ಲೇ ಬರುವುದರಿಂದ ಪ್ರತಿ ಲಕೋಟೆಯ ಸಹಿಯನ್ನೂ ಯಾರಾದರೂ ತಾಳೆ ನೋಡಲೇಬೇಕು. ನಿವೃತ್ತಳಾದ ಮೇಲೂ ಊರಿನ ಬಿಡಿಸಲಾಗದ ಗಂಟುಗಳೆಲ್ಲ ಅವಳ ಮೇಜಿಗೇ ಬರುತ್ತವೆ. ನಾನು ಪಕ್ಕದ ಮನೆಯ ನೆಲ್ಸ್, ಶಾಲೆಯ ಬಸ್ಸು ಓಡಿಸುತ್ತಿದ್ದವನು. ಅವಳಿಗೆ ಕಾರು ಓಡಿಸಲು ಬರುವುದಿಲ್ಲ, ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಹೀಗೆ ಜೋಡಿಯಾಗಿದ್ದೇವೆ. ಲೋರ್ನಾಳ ಪಕ್ಷಕ್ಕೆ ನಾನು ಹುಟ್ಟಿದಾಗಿನಿಂದ ಎದುರು ಪಕ್ಷ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮಲ್ಲಿ ಆಗಸ್ಟ್‌ನ ಮೊದಲ ಸುತ್ತಿನ ಚುನಾವಣೆಗೆ ಪಕ್ಷದ ಬೇಲಿ ಇಲ್ಲ. ಯಾರು ಬೇಕಾದರೂ ನಿಲ್ಲಬಹುದು, ಯಾರು ಬೇಕಾದರೂ ಯಾರಿಗಾದರೂ ವೋಟು ಹಾಕಬಹುದು. ಹೆಚ್ಚು ವೋಟು ಪಡೆದ ಇಬ್ಬರು ನವೆಂಬರ್‌ನ ಕೊನೆಯ ಸುತ್ತಿಗೆ ಹೋಗುತ್ತಾರೆ, ಒಂದೇ ಪಕ್ಷದವರಾದರೂ ಸರಿಯೇ. ಪಕ್ಷದ ಹಿರಿತಲೆಗಳಿಗೆ ಇದೇ ತಲೆನೋವು. ಕೌಂಟಿ ಮಂಡಳಿಯ ಒಂದು ಸೀಟಿಗೆ ಲೋರ್ನಾಳ ಪಕ್ಷದಿಂದ ಮೂವರು ನಿಂತರು, ನಮ್ಮಿಂದ ಇಬ್ಬರೇ. ಮೂವರ ನಡುವೆ ವೋಟು ಹರಿದು ಹೋದರೆ ನಮ್ಮ ಇಬ್ಬರೇ ಮುಂದೆ ಹೋಗುತ್ತಾರಲ್ಲ.

ಅದಕ್ಕೆ ಅವರ ಅಧ್ಯಕ್ಷ ಡ್ವೈಟ್ ಹಾಲ್ವರ್ಸನ್ ಒಂದು ಉಪಾಯ ಮಾಡಿದ್ದ. ಗುರುವಾರ ಮೂವರೂ ಪಕ್ಷದ ಸಭಾಂಗಣದಲ್ಲಿ ಅಕ್ಕಪಕ್ಕ ಕುಳಿತು ಸ್ಪರ್ಧೆಯಿಂದ ಹೆಸರು ಹಿಂತೆಗೆದುಕೊಳ್ಳುವ ಅರ್ಜಿಗೆ ಸಹಿ ಹಾಕಿದರು. ಡ್ವೈಟ್ ಅವನ್ನು ಹೆಸರು ಬರೆದ ಮೂರು ಲಕೋಟೆಗಳಲ್ಲಿ ಅಂಟಿಸಿ ತಗಡಿನ ಪೆಟ್ಟಿಗೆಗೆ ಹಾಕಿದ. ಶನಿವಾರ ಪಕ್ಷದವರು ಒಳಗೊಳಗೇ ವೋಟು ಹಾಕಿದರು. ಗೆದ್ದವರ ಲಕೋಟೆಯನ್ನು ಸುಡುವುದು, ಸೋತ ಇಬ್ಬರದನ್ನು ಕಚೇರಿಗೆ ಕೊಡುವುದು ಎಂದು ಮಾತಾಗಿತ್ತು.

"ಗೆದ್ದಿದ್ದು ನಾನು. ನನ್ನ ಲಕೋಟೇನ ಎಲ್ಲರೆದುರು ಒಲೆಗೆ ಹಾಕಿದ್ರು. ಆಮೇಲೆ ತಬ್ಬಿದ್ದೇನು, ಫೋಟೋ ಏನು, ಧನ್ಯವಾದದ ಕಾಗದಕ್ಕೆಲ್ಲ ಸಹಿ ಹಾಕಿದ್ದೇನು! ಇವತ್ತು ಕಚೇರೀಲಿ ತೆಗೆದು ನೋಡಿದ್ರೆ ರಾಯ್ಸ್ ಅಂತ ಬರೆದ ಲಕೋಟೆಯೊಳಗೆ ನನ್ನ ಅರ್ಜಿ."

ರಾಯ್ಸ್ ಮೆಕಲಿ ಸೋತವರಲ್ಲಿ ಒಬ್ಬ, ದೋಣಿ ರಿಪೇರಿಯವನು. ಗುರುವಾರ ಅವಳ ಪಕ್ಕದಲ್ಲೇ ಕುಳಿತಿದ್ದನಂತೆ. ಅಲ್ಲೇ ಕಾಗದ ಅದಲುಬದಲು ಮಾಡಿದ್ದಾನೆ, ಶನಿವಾರ ಸುಟ್ಟಿದ್ದು ಅವನ ಅರ್ಜಿ, ಕಳ್ಳ ನನ್ಮಗ ಎಂದು ಲೋರ್ನಾ ಅತ್ತುಬಿಟ್ಟಳು. ಅಪ್ಪನ ಕಾಲದಿಂದ ಕೊಲ್ಲಿಯಲ್ಲಿ ಸಿಂಪಿ ಬೆಳೆಸುತ್ತಿದ್ದ ಹಾಸುಗಳು ಊರಿನ ಕೊಳಚೆಗೆ ಸಾಯುತ್ತಿದ್ದವು. ಆ ಸೀಟು ಸಿಕ್ಕರೆ ಕೊಳಚೆಯನ್ನು ನಿಲ್ಲಿಸಬಹುದೆಂದು ಹನ್ನೊಂದು ವರ್ಷ ಮನೆಮನೆ ತಿರುಗಿದವಳು ಅವಳು. ಎದುರು ಪಕ್ಷದವನಾದ ನನಗೂ ಅನ್ಯಾಯ ಅನ್ನಿಸಿತು.

ಹಿಲ್ಮಾ ಕೇಳಿದ್ದು ಒಂದೇ. ಶನಿವಾರದಿಂದ ಇವತ್ತಿನವರೆಗೆ ಪೆಟ್ಟಿಗೆ ಎಲ್ಲಿತ್ತು? ಸಭಾಂಗಣದ ಅಡುಗೆಮನೆ ಕಪಾಟಿನಲ್ಲಿ, ಕೀಲಿ ಮೊಳೆಗೆ ನೇತುಹಾಕಿತ್ತು. ಭಾನುವಾರ ಪ್ಯಾನ್‌ಕೇಕ್ ತಿನ್ನಲು ಊರೆಲ್ಲ ಅಲ್ಲಿಗೆ ಬಂದಿತ್ತು. ಈ ಬೆಳಿಗ್ಗೆ ಲಕೋಟೆಗಳನ್ನು ಕಚೇರಿಗೆ ಒಯ್ದವನು ಸೋತ ಇನ್ನೊಬ್ಬ, ಮುದುಕ ಎಮಿಲ್.

"ನೆಲ್ಸ್, ಕಾರು ತೆಗಿ. ಎಲ್ಲರಿಗೂ ನಾಲ್ಕು ಗಂಟೆಗೆ ಕಚೇರಿಗೆ ಬರೋಕೆ ಹೇಳು," ಎಂದಳು.

ಕಚೇರಿಯ ಅಧಿಕಾರಿ ನಡೀನ್ ಹಿಂತೆಗೆತದ ಅರ್ಜಿಯನ್ನೂ, ಲೋರ್ನಾ ಹಿಂದಿನ ಸೋಮವಾರ ಕೊಟ್ಟಿದ್ದ ನಾಮಪತ್ರವನ್ನೂ ಮೇಜಿನ ಮೇಲಿಟ್ಟಳು. ಸಹಿ ಅವಳದ್ದೇ, ಅದಕ್ಕೇ ಒಪ್ಪಿಕೊಂಡೆವು ಎಂದಳು. ಹಿಲ್ಮಾ ಭೂತಗನ್ನಡಿ ಹಿಡಿದು ಬಗ್ಗಿದಳು. ಗೋಡೆಯ ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು. ರಾಯ್ಸ್ ಮುಖ ಗಂಟಿಕ್ಕಿ ನಿಂತಿದ್ದ, ಎಮಿಲ್ ಕನ್ನಡಕ ಒರೆಸುತ್ತಿದ್ದ. ಡ್ವೈಟ್ ಮಾತ್ರ ಲೋರ್ನಾಳ ಭುಜ ತಟ್ಟುತ್ತ, ಆದದ್ದಾಯಿತು, ಗುರುವಾರ ಏನೋ ಗಡಿಬಿಡಿಯಾಗಿದೆ, ಈಗ ರಾಯ್ಸ್ ಬೆನ್ನಿಗೆ ನಿಲ್ಲೋಣ ಎನ್ನುತ್ತಿದ್ದ.

"ಸಹಿ ಲೋರ್ನಾದೇ," ಎಂದಳು ಹಿಲ್ಮಾ. ಆದರೆ ಭೂತಗನ್ನಡಿ ಕೆಳಗಿಡಲಿಲ್ಲ.

"ಆದ್ರೆ ಯಾವಾಗ ಹಾಕಿದ್ದು? ನಾಮಪತ್ರದಲ್ಲಿ ಒಂದೇ ಎಳೆತದ ಸಹಿ. ಇಲ್ಲಿ ಅದೇ ಕೊಕ್ಕೆ, ಅದೇ ಓರೆ, ಆದ್ರೆ ಅಕ್ಷರ ಮೂರು ಕಡೆ ಮುರಿದಿದೆ. ಪೆನ್ನು ಹೆಬ್ಬೆರಳಿಂದಲ್ಲ, ಎರಡು ಬೆರಳ ಸಂದಿಯಿಂದ ಹಿಡಿದಿದ್ದು. ಲೋರ್ನಾ, ಇಲ್ಲೊಂದು ಸಹಿ ಹಾಕಮ್ಮ."

ಲೋರ್ನಾ ಬ್ಯಾಂಡೇಜಿನ ಬೆರಳನ್ನು ಎತ್ತಿಕೊಂಡು, ಪೆನ್ನನ್ನು ಮುಂದಿನೆರಡು ಬೆರಳ ನಡುವೆ ಸಿಕ್ಕಿಸಿ ಬರೆದಳು. ಅದೇ ಮೂರು ಕಡೆ ಮುರಿಯಿತು. ನಡೀನ್ ಕೂಡ ಬಗ್ಗಿ ನೋಡಿದಳು.

"ಬೆರಳು ಕೊಯ್ದಿದ್ದು ಶುಕ್ರವಾರ. ಅರ್ಜಿ ಮೇಲೆ ಅಚ್ಚಾಗಿರೋ ತಾರೀಖು ಗುರುವಾರದ್ದು. ಅಂದ್ರೆ ಇದು ಗುರುವಾರದ ಕಾಗದ ಅಲ್ಲವೇ ಅಲ್ಲ. ಗುರುವಾರದ್ದು ಶನಿವಾರ ಸುಟ್ಟು ಬೂದಿಯಾಯ್ತು, ಅದರಲ್ಲಿ ಮೋಸ ಇಲ್ಲ. ಪಕ್ಕ ಕೂತಿದ್ದಕ್ಕೆ ರಾಯ್ಸ್ ಕಳ್ಳ ಆಗಲ್ಲ. ಎಮಿಲ್ ತನಗೆ ಕೊಟ್ಟ ಲಕೋಟೆ ಹೊತ್ತು ತಂದ, ಅಷ್ಟೇ. ಬೆರಳು ಕೊಯ್ದ ಮೇಲೆ ನಿನ್ನ ಮುಂದೆ ಸಹಿಗೆ ಕಾಗದ ಇಟ್ಟವರು ಯಾರಮ್ಮ?"

ಲೋರ್ನಾ ತಲೆಯೆತ್ತಿದಳು. "ಶನಿವಾರದ ಧನ್ಯವಾದದ ಕಾಗದಗಳು... ಒಂದರ ಮೇಲೊಂದು, ಸಹಿಯ ಗೆರೆ ಮಾತ್ರ ಕಾಣೋ ಹಾಗೆ ಜೋಡಿಸಿ ಇಟ್ಟಿದ್ರು. ನಾನು ನಗ್ತಾ ಹಾಕ್ತಾ ಹೋದೆ. ಡ್ವೈಟ್, ನೀವೇ ಇಟ್ಟಿದ್ದು."

"ಲಕೋಟೆ ಮೇಲೆ ರಾಯ್ಸ್ ಅಂತ ಬರೆದಿದ್ದೂ ನಿನ್ನ ಕೈಯೇ, ಡ್ವೈಟ್," ಎಂದಳು ಹಿಲ್ಮಾ. "ಭಾನುವಾರ ಪೆಟ್ಟಿಗೆಯಿಂದ ಹಳೇ ಲಕೋಟೆ ತೆಗೆದು ಈ ಹೊಸದನ್ನ ಇಟ್ಟೆ."

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ನಾಲ್ಕೂ ಮುಕ್ಕಾಲಾಗಿತ್ತು. ಡ್ವೈಟ್ ಮೊದಲು ನಕ್ಕ, ಆಮೇಲೆ ಬಿಳಿಚಿಕೊಂಡ, ಆಮೇಲೆ ಸಿಟ್ಟಾದ.

"ಸಭಾಂಗಣದ ನಲವತ್ತು ಜನಕ್ಕೆ ಇವಳೇ ಇಷ್ಟ, ಸರಿ. ಆದ್ರೆ ಆಗಸ್ಟ್‌ನಲ್ಲಿ ವೋಟು ಹಾಕೋದು ಇಡೀ ಕೌಂಟಿ. ಆ ಕಡೆಯ, ಎದುರು ಪಕ್ಷದವರ ವೋಟೂ ರಾಯ್ಸ್‌ಗೆ ಬರುತ್ತೆ, ಇವಳಿಗೆ ಒಂದೂ ಬರಲ್ಲ. ನಾನು ಪಕ್ಷ ಉಳಿಸೋಕೆ ಮಾಡ್ದೆ."

ಮೋಸದಿಂದ ಪಡೆದ ಸಹಿ ಎಂದು ಬರೆದುಕೊಟ್ಟರೆ ಈಗಲೇ ರದ್ದು ಮಾಡುತ್ತೇನೆ, ಇಲ್ಲವಾದರೆ ಶೆರಿಫ್‌ಗೆ ಫೋನು ಎಂದಳು ನಡೀನ್. ಡ್ವೈಟ್ ಬರೆದುಕೊಟ್ಟ. ರಾಯ್ಸ್‌ನ ಅರ್ಜಿ ಎಲ್ಲಿ ಎಂದರೆ, ಹರಿದುಹಾಕಿದೆ ಎಂದ. ಲೋರ್ನಾಳ ಹೆಸರು ಪಟ್ಟಿಗೆ ಮರಳಿದಾಗ ಐದಕ್ಕೆ ಏಳು ನಿಮಿಷ ಬಾಕಿ ಇತ್ತು.

ಆಗ ನಮಗೆಲ್ಲ ಹೊಳೆಯಿತು. ಅರ್ಜಿ ಹರಿದುಹೋಗಿದ್ದರಿಂದ ರಾಯ್ಸ್‌ನ ಹೆಸರು ಇನ್ನೂ ಪಟ್ಟಿಯಲ್ಲೇ ಇತ್ತು. ಅವನು ಏಳು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಡ್ವೈಟ್ ಅವನ ತೋಳು ಹಿಡಿದು, ಸುಮ್ಮನಿರು ಎಂದು ಪಿಸುಗುಟ್ಟಿದ.

ರಾಯ್ಸ್ ತೋಳು ಬಿಡಿಸಿಕೊಂಡು ಮೇಜಿಗೆ ಬಂದ. "ಒಂದು ಖಾಲಿ ಅರ್ಜಿ ಕೊಡಿ. ಗುರುವಾರ ಮಾತು ಕೊಟ್ಟಿದೀನಿ."

ಅವನು ಸಹಿ ಹಾಕಿದ. ಹಿಲ್ಮಾ ಅಭ್ಯಾಸಬಲದಿಂದ ಭೂತಗನ್ನಡಿ ಹಿಡಿದು ನೋಡಿ, ಅವನದೇ ಎಂದಳು.

"ನಿನ್ನ ಕಳ್ಳ ಅಂದುಬಿಟ್ಟೆ, ರಾಯ್ಸ್," ಎಂದಳು ಲೋರ್ನಾ.

"ಅಂದಿದ್ದು ಅಂದಾಯ್ತು. ಗೆದ್ದು ಬಾ, ಆಮೇಲೆ ಜಗಳ ಆಡೋಣ."

ಡ್ವೈಟ್ ಆ ವಾರವೇ ಅಧ್ಯಕ್ಷಗಿರಿ ಬಿಟ್ಟ. ಜುಲೈನಲ್ಲಿ ಅಂಚೆಯಲ್ಲಿ ನನ್ನ ಮತಪತ್ರ ಬಂತು, ಐದರ ಬದಲು ಮೂರೇ ಹೆಸರು. ಹಿಲ್ಮಾಳ ಮೇಜಿನ ಮೇಲೇ ಇಟ್ಟುಕೊಂಡು ತುಂಬ ಹೊತ್ತು ಕುಳಿತಿದ್ದೆ. ಐವತ್ತೆರಡು ವರ್ಷ ನನ್ನ ಪಕ್ಷ ಬಿಟ್ಟು ಬೇರೆ ಕಡೆ ಶಾಯಿ ಹಚ್ಚಿದವನಲ್ಲ ನಾನು. ಲೋರ್ನಾ ಕಿಂಬಲ್ ಎಂಬ ಹೆಸರಿನ ಮುಂದಿನ ಖಾಲಿ ವೃತ್ತಕ್ಕೆ ಶಾಯಿ ತುಂಬಿದೆ.

ಆ ಕಡೆಯಿಂದ ಒಂದೂ ಬರಲ್ಲ ಅಂದಿದ್ದನಲ್ಲ ಡ್ವೈಟ್. ಹಿಲ್ಮಾ ಓರೆಗಣ್ಣಲ್ಲಿ ನೋಡಿ, ಲಕೋಟೆಯ ಮೇಲೆ ಸಹಿ ಸರಿಯಾಗಿ ಹಾಕು ಎಂದಳು ಅಷ್ಟೆ.